ಕೇಳದೆ ಕಡಿದ ನುಗ್ಗೆ

ನಾನು ಧನಕವಡಿ ಬಡಾವಣೆಯ ನಮ್ಮ ಮನೆಯ ಮಾಳಿಗೆ ಹತ್ತುವಷ್ಟರಲ್ಲಿ ಪಕ್ಕದ ಮನೆಯ ಕಾಶಮ್ಮನ ನುಗ್ಗೆ ಮರದ ತುದಿ ಹೂವಿನ ಸಮೇತ ನೆಲಕ್ಕೆ ಬಿದ್ದಿತ್ತು. ನಮ್ಮ ಗಲ್ಲಿಯವರೇ ಸೇರಿ ನಡೆಸುವ ವೈಫೈಗೆ ಹೊಸ ಡಬ್ಬಿ ಕೂರಿಸಿ ಪರೀಕ್ಷಿಸುತ್ತಿದ್ದ ಸುಧೀರ, ಕುಡುಗೋಲು ಕೆಳಗಿಡದೆ ಮೊಬೈಲ್ ತೋರಿಸಿದ. “ಹಳೇ ಡಬ್ಬಿ ಸಿಗ್ನಲ್ ಎಲಿ ದಾಟಿ ಬರ್ತಿತ್ತು, ಇದರದು ದಾಟಂಗಿಲ್ರಿ, ಅದಕ್ಕ ಕಡದೆ. ಈಗ ನೋಡ್ರಿ, ಭಾಳ ಸ್ಪೀಡ್ ಅದ.”

ಇಂಟರ್‌ನೆಟ್ ಕಂಪನಿಯವರು ಯಾರನ್ನೂ ಕೇಳದೆ ಮನೆ ಮುಂದೆ ಕಂಬ ನೆಟ್ಟರೆಂದು ಜಗಳಾಡಿ, ನಮ್ಮದೇ ನೆಟ್‌ವರ್ಕ್ ಕಟ್ಟಿಕೊಂಡವರು ನಾವು. ಅವನ ಕೈಯಿಂದ ಕುಡುಗೋಲು ಕಿತ್ತುಕೊಂಡೆ. ಕೆಳಗೆ ಹೂವು ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದ ಕಾಶಮ್ಮ ತಲೆ ಎತ್ತದೆ ಅಂದಳು: “ಒಂದ್ ಮಾತ್ ಕೇಳಿದ್ರ ನಾನ ಕಡದ್ ಕೊಡ್ತಿದ್ನಲ್ರಿ.”

ಆ ಡಬ್ಬಿ ಈಗಲೂ ನಮ್ಮ ಮಾಳಿಗೆಯ ಮೇಲಿದೆ. ವಿಡಿಯೊ ಥಟ್ಟನೆ ತೆರೆದುಕೊಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.