ಮೂರೂರ ಕಡಗ

ಮೊಮ್ಮಗ ಟೀವಿಯಲ್ಲಿ ಬೇರೆ ದೇಶದ ಕುಸ್ತಿ ನೋಡುತ್ತಾನೆ. ಗೆದ್ದವನು ಬಂಗಾರದ ಬಣ್ಣದ ಅಗಲವಾದ ಪಟ್ಟಾ ಒಂದನ್ನು ಹೆಗಲ ಮೇಲೆ ಹಾಕಿಕೊಂಡು ಗರ್ಜಿಸುತ್ತಾನೆ. ಆ ಪಟ್ಟಾ ಯಾರಿಂದ ಯಾರಿಗೆ ಹೋಯಿತು, ಯಾರ ಹತ್ತಿರ ಎಷ್ಟು ತಿಂಗಳಿತ್ತು ಅನ್ನುವುದೆಲ್ಲ ಹುಡುಗನಿಗೆ ಬಾಯಿಪಾಠ. ಮಗ್ಗಿ ಮಾತ್ರ ಬರುವುದಿಲ್ಲ. ನಾನು ಅವನ ಪಕ್ಕದಲ್ಲಿ ದೀಪದ ಬತ್ತಿ ಹೊಸೆಯುತ್ತ ಕೂತಿರುತ್ತೇನೆ. ನನಗೆ ಬರುವ ವಿಚಾರ ಒಂದೇ. ಈ ಪಟ್ಟಾ ಹೊತ್ತವನು ಮನೆಗೆ ಯಾವಾಗ ಹೋಗುತ್ತಾನೆ?

ಹಾಗೆ ಕೇಳಿದರೆ ಹುಡುಗ ನಗುತ್ತಾನೆ. ನಗಲಿ ಬಿಡಿ. ಇಂಥದ್ದೇ ಒಂದು ಮರ್ಯಾದೆಯ ಇತಿಹಾಸ ನನಗೂ ಗೊತ್ತು. ಗಂಡಸರು ಕಟ್ಟೆಯ ಮೇಲೆ ಕೂತು ಹೇಳುವ ಇತಿಹಾಸ ಬೇರೆ, ನನಗೆ ಗೊತ್ತಿರುವುದು ಹಿಂಬಾಗಿಲಿನದು.

ನಮ್ಮ ಕಡೆ ಪಟ್ಟಾ ಇರಲಿಲ್ಲ, ಕಡಗ ಇತ್ತು. ಬೆಳ್ಳಿಯದು, ಹೆಬ್ಬೆರಳಿನಷ್ಟು ದಪ್ಪ. ಬೀದರ, ಭಾಲ್ಕಿ, ಔರಾದ ಈ ಮೂರು ಊರಿನ ಪೈಲವಾನರಲ್ಲಿ ಎಲ್ಲರಿಗಿಂತ ಗಟ್ಟಿ ಯಾರೋ ಅವನ ಬಲಗೈಗೆ ಅದು. ಅದನ್ನು ಮೊದಲು ಮಾಡಿಸಿದವನು ಒಬ್ಬ ಜಾಗೀರದಾರ ಅಂತ ಭಾಲ್ಕಿಯವರು, ಮೂರು ಊರಿನ ಸಾವುಕಾರರು ಕೂಡಿ ಮಾಡಿಸಿದ್ದು ಅಂತ ಬೀದರದವರು. ಔರಾದದವರನ್ನು ಕೇಳಿದರೆ, ಅದು ಯಾವಾಗಲೂ ಇತ್ತು ಅನ್ನುತ್ತಾರೆ. ನಾಗರ ಪಂಚಮಿಯ ಮರುದಿನ ಬೀದರದ ಹತ್ತಿರದ ಅಷ್ಟೂರಿನ ಗುಮ್ಮಟಗಳ ಮುಂದಿನ ಬಯಲಲ್ಲಿ ಕುಸ್ತಿ ಆಗಬೇಕು. ಬೆನ್ನಿಗೆ ಮಣ್ಣು ಹತ್ತಿಸಿಕೊಂಡವನು ಕಡಗ ತೆಗೆದು ಹತ್ತಿಸಿದವನ ಕೈಗೆ ತಾನೇ ತೊಡಿಸಬೇಕು. ಇಷ್ಟು ಎಲ್ಲರಿಗೂ ಗೊತ್ತಿದ್ದ ಮಾತು.

ಗಂಡಸರು ಹೇಳದ ಮಾತು ಒಂದಿತ್ತು. ಕಡಗ ತೊಟ್ಟವನು ಮನೆಯಲ್ಲಿ ಮಲಗುವಂತಿಲ್ಲ. ಅವನ ವಾಸ ತಾಲೀಮಿನಲ್ಲಿ. ನಮ್ಮ ಕಡೆ ಗರಡಿಮನೆಗೆ ತಾಲೀಮು ಅಂತಾರೆ. ಮನೆಯಿಂದ ಬುತ್ತಿ ಹೋಗಬೇಕು, ಖಾಲಿ ಡಬ್ಬಿ ಬರಬೇಕು. ಹಗೆಯವರು ಊಟದಲ್ಲಿ ಏನಾದರೂ ಬೆರೆಸಿಯಾರು ಅಂತ ಸುತ್ತಲೂ ಹುಡುಗರ ಕಾವಲು. ಮನೆಯಲ್ಲಿದ್ದಾಕೆಯಿಂದ ಅವನಿಗೇನು ಅಪಾಯ ಅನ್ನುವುದನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ನೀವೂ ಕೇಳಬೇಡಿರಿ.

ಹೀಗಾಗಿ ಕಡಗದ ಚರಿತ್ರೆ ಹೆಣ್ಣುಮಕ್ಕಳ ಬಾಯಲ್ಲಿ ಬೇರೆಯೇ ಇತ್ತು. ನಮ್ಮ ಅತ್ತೆ ಅದನ್ನು ಬಲ್ಲವರಲ್ಲಿ ಹಿರಿಯರು, ಯಾಕೆಂದರೆ ಮಾವನವರೂ ತಮ್ಮ ಕಾಲದಲ್ಲಿ ಕಡಗ ತೊಟ್ಟವರೇ. ಔರಾದದ ಒಬ್ಬ ಪೈಲವಾನನನ್ನು ಕೆಡವಿದ್ದು ಧೋಬಿ ಪಟ್ಟು ಅಂತ ಗಂಡಸರ ಲೆಕ್ಕ. ಅತ್ತೆಯ ಲೆಕ್ಕದಲ್ಲಿ ಅವನನ್ನು ಕೆಡವಿದ್ದು ಹೂರಣದ ಹೋಳಿಗೆ. ಕುಸ್ತಿಯ ಹಿಂದಿನ ದಿನ ಹೆಂಡತಿ ಡಬ್ಬಿಯ ತುಂಬ ಹೋಳಿಗೆ, ಮೇಲೆ ಒಂದು ತಂಬಿಗೆ ತುಪ್ಪ ಕಳಿಸಿದ್ದಳಂತೆ. ಮರುದಿನ ಅವನಿಗೆ ಸೊಂಟ ಬಗ್ಗಲಿಲ್ಲ. ಇನ್ನೊಬ್ಬಾಕೆ, ಮನ್ನಳ್ಳಿಯ ಹೆಣ್ಣುಮಗಳು, ಗಂಡ ಗೆದ್ದ ಸುದ್ದಿ ಕೇಳಿ ಸೀರೆ ಗಂಟು ಕಟ್ಟಿಕೊಂಡು ತವರಿಗೆ ನಡೆದಳು. ‘ಕಡಗ ಹೋದ ಮ್ಯಾಲ ಹೇಳಿ ಕಳಸ್ರಿ, ಬರ್ತೇನಿ’ ಅಂದಳಂತೆ. ಹೇಳಿ ಕಳಿಸುವಷ್ಟರಲ್ಲಿ ಆಕೆಯ ತಮ್ಮನಿಗೆ ಮೀಸೆ ಬಂದಿತ್ತು.

ನಾನು ಚಿಂತಾಕಿಯ ಕುರಿಗಾರರ ಮನೆಯ ಮಗಳು. ಭಾಲ್ಕಿಗೆ ಕೊಟ್ಟರು. ಮದುವೆ ಆದದ್ದು ಪಂಚಮಿಗಿಂತ ಸ್ವಲ್ಪ ಮುಂಚೆ. ನಮ್ಮವರು ಆ ವರ್ಷ ಮೊದಲ ಸಲ ಕಡಗಕ್ಕೆ ಇಳಿಯುವವರಿದ್ದರು, ಮದುವೆ ಮುಗಿದದ್ದೇ ತಾಲೀಮಿಗೆ ಹೋದರು. ಗೆಲ್ಲುತ್ತಾರೆ ಅಂತ ಯಾರೂ ತಿಳಿದಿರಲಿಲ್ಲ. ‘ಸೋತು ಬರ್ತಾನ, ಆಮ್ಯಾಲ ಸಂಸಾರ ಮಾಡ್ತಾನ’ ಅಂತ ಹಿರಿಯರ ಲೆಕ್ಕ. ಅವರ ಮುಖ ನಾನು ಕಂಡದ್ದು ಬಾಸಿಂಗದ ಸಂದಿಯಿಂದ. ಒಂದು ಮೂಗು, ಒಂದು ಕಣ್ಣು, ಅಷ್ಟೇ. ಪಂಚಮಿಗೆ ತವರಿಗೆ ಬಂದು ಜೋಕಾಲಿ ಆಡುತ್ತಿದ್ದೆ, ಸುದ್ದಿ ಬಂತು, ನಿನ್ನ ಗಂಡ ಗೆದ್ದ ಅಂತ. ಗೆಳತಿಯರು ಕುಣಿದರು. ನಮ್ಮ ಸೋದರತ್ತೆ ಮಾತ್ರ ತಲೆ ಮೇಲೆ ಕೈ ಇಟ್ಟುಕೊಂಡು ಕೂತಳು. ನನಗೆ ತಿಳಿಯಲಿಲ್ಲ. ಜೋಕಾಲಿ ಇನ್ನೊಂದು ಸಲ ಜೋರಾಗಿ ಜೀಕಿದೆ.

ಆಮೇಲೆ ತಿಳಿಯಿತು. ಭಾಲ್ಕಿಗೆ ಬಂದು ನಾನು ಸಂಸಾರ ಮಾಡಿದ್ದು ಒಂದು ಡಬ್ಬಿಯ ಜೊತೆ. ದಿನಾ ಜೋಳದ ರೊಟ್ಟಿ ಬಡಿದು, ಪಲ್ಯ, ಹಾಲು, ಬೆಣ್ಣೆ ಕಟ್ಟಿ ಕೊಡುತ್ತಿದ್ದೆ. ಅತ್ತೆ ತಲೆಯ ಮೇಲೆ ಹೊತ್ತು ತಾಲೀಮಿನ ಬಾಗಿಲಿಗೆ ಮುಟ್ಟಿಸುತ್ತಿದ್ದರು. ಡಬ್ಬಿ ತಿರುಗಿ ಬಂದಾಗ ನಾನು ಅದನ್ನು ಓದುತ್ತಿದ್ದೆ. ಕೆಂಪು ಹಿಂಡಿ ಖಾಲಿ ಆಗಿದ್ದರೆ ಇವರಿಗೆ ಖಾರ ಸೇರುತ್ತದೆ. ಬದನೆಕಾಯಿ ಉಳಿದಿದ್ದರೆ ಸೇರುವುದಿಲ್ಲ. ಒಂದು ದಿನ ಡಬ್ಬಿಯ ಒಳಗೆ ಎಕ್ಕೆಯ ಹೂವು ಇತ್ತು. ತಾಲೀಮಿನ ಹನುಮಪ್ಪನ ಕೊರಳಿನ ಹೂವು. ಹೆಂಡತಿಗೆ ಕಳಿಸಲು ಬ್ರಹ್ಮಚಾರಿ ದೇವರ ಹೂವೇ ಸಿಕ್ಕಿತಲ್ಲ ಇವರಿಗೆ ಅಂತ ನಗು ಬಂತು. ತಲೆಯಲ್ಲಿ ಮುಡಿದುಕೊಂಡೆ. ಆ ಹೂವಿಗೆ ವಾಸನೆ ಇಲ್ಲ ಅಂತಾರೆ ಜನ. ನನಗೆ ಇತ್ತು. ಸಂಜೆ ದೀಪ ಹಚ್ಚಿ ಆವತ್ತಿನ ಉಪಕಾರ ಎಣಿಸುವಾಗ ಅದನ್ನೇ ಮೊದಲು ಎಣಿಸಿದೆ. ದೇವರು ದೊಡ್ಡದು ಕೊಡದ ದಿನ ಸಣ್ಣದನ್ನಾದರೂ ಬಾಗಿಲ ಹತ್ತಿರ ಇಟ್ಟು ಹೋಗಿರುತ್ತಾನೆ, ನಾವು ತುಳಿದು ಹೋಗಬಾರದು.

ಬಾವಿಗೆ ಹೋದರೆ ಬೇರೆ ಸಂಕಟ. ‘ಏನವಾ, ಇನ್ನಾ ಏನೂ ವಿಶೇಷ ಇಲ್ಲೇನು?’ ಅಂತ ಕೇಳುವವರಿಗೆ ಗಂಡ ಎಲ್ಲಿ ಮಲಗುತ್ತಾನೆ ಅಂತ ಗೊತ್ತಿಲ್ಲವೇ? ಗೊತ್ತು. ಆದರೂ ಕೇಳುತ್ತಿದ್ದರು. ‘ಡಬ್ಬಿಗೆ ಮಕ್ಕಳು ಆಗ್ತಿದ್ವಂದ್ರ ನನ್ನ ಸೊಸಿ ಇಷ್ಟೊತ್ತಿಗೆ ಅವಳಿ ಜವಳಿ ಹಡೀತಿದ್ಳು’ ಅಂದರು ಒಮ್ಮೆ ಅತ್ತೆ, ಕೊಡ ಎತ್ತಿಕೊಳ್ಳುತ್ತ. ಕೇಳಿದವರು ಹಗ್ಗ ಬಾವಿಗೆ ಬಿಟ್ಟರು.

ಮುಂದಿನ ಪಂಚಮಿಗೆ ಎಲ್ಲ ಸರಿ ಹೋಗುತ್ತದೆ ಅಂತ ಕಾದೆ. ಆ ಸಲ ಕಡಗಕ್ಕೆ ಸವಾಲು ಹಾಕಿದ್ದವನು ಬೀದರದ ಮೆಹಬೂಬ ಪೈಲವಾನ. ಬಹಳ ಗಟ್ಟಿ ಆಳು ಅಂತ ಕೇಳಿ ನನಗೆ ಒಳಗೊಳಗೇ ಸಮಾಧಾನ. ಆದರೆ ಅಷ್ಟರಲ್ಲಿ ನಿಜಾಮರ ರಾಜ್ಯವೇ ಅಲುಗಾಡತೊಡಗಿತ್ತು. ಅವರ ಕಡೆಯ ಬಂದೂಕಿನವರ ಭಯಕ್ಕೆ ಹಳ್ಳಿಗಳು ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕುತ್ತಿದ್ದವು. ಎಲ್ಲಿಯೂ ಜನ ಕೂಡಬಾರದು ಅಂತ ಡಂಗುರ ಹೊಡೆದರು. ಕುಸ್ತಿ ನಿಂತಿತು. ಸೋಲುವುದಕ್ಕೆ ಜಾಗವೇ ಇಲ್ಲದ ಮೇಲೆ ಮನುಷ್ಯ ಸೋಲುವುದು ಹೇಗೆ? ನಮ್ಮವರು ಒಂದು ಪಟ್ಟೂ ಹಾಕದೆ ಇನ್ನೊಂದು ವರ್ಷಕ್ಕೆ ಕಡಗದ ಪೈಲವಾನರಾಗಿ ಉಳಿದರು.

ಭಾದ್ರಪದದಲ್ಲಿ ಪೊಲೀಸ್ ಆಕ್ಷನ್ ಆಯಿತು, ಹಿಂದೂಸ್ತಾನದ ಫೌಜು ಬಂದು ನಿಜಾಮರ ರಾಜ್ಯ ಮುಗಿಯಿತು. ದೊಡ್ಡ ದಾರಿಯಲ್ಲಿ ಲಾರಿಗಳು ಹೋದ ಧೂಳು ನನಗೆ ನೆನಪಿದೆ, ತೊಗರಿ ಹೊಲದ ಮೇಲೆ ಬಹಳ ಹೊತ್ತು ನಿಂತಿತ್ತು, ಕನಸಿನಲ್ಲಿ ನಿಂತ ಹಾಗೆ. ಜನ ಸಕ್ಕರೆ ಹಂಚಿದರು. ನಾನೂ ತಿಂದೆ. ಆದರೆ ನಮ್ಮ ಮನೆಗಳಲ್ಲಿ ಕೂತಿದ್ದ ಭಯ ಎದ್ದು ಹೊರಗೇನೂ ಹೋಗಲಿಲ್ಲ, ಬೇರೆಯವರ ಮನೆಯಲ್ಲಿ ಹೋಗಿ ಕೂತಿತು. ಅದನ್ನು ನಾನು ಡಬ್ಬಿಯಿಂದಲೇ ತಿಳಿದೆ. ಬುತ್ತಿಯಲ್ಲಿ ರೊಟ್ಟಿ ಹೆಚ್ಚು ಹಾಕಿರಿ ಅಂತ ನಮ್ಮವರು ಹೇಳಿ ಕಳಿಸಿದರು. ಅವರಿಗೆ ಕುಸ್ತಿ ಕಲಿಸಿದ ಹುಸೇನ ಉಸ್ತಾದರು ಹೆಂಡತಿ ಮಕ್ಕಳನ್ನು ಕರೆದುಕೊಂಡು ತಾಲೀಮಿನ ಒಳಗೆ ಬಂದುಬಿಟ್ಟಿದ್ದರು. ಹುಡುಗರು ಬಾಗಿಲಿಗೆ ಅಡ್ಡ ಮಲಗುತ್ತಿದ್ದರಂತೆ. ಅತ್ತೆ ಹಿಟ್ಟಿನ ಡಬ್ಬಿ ನನ್ನ ಮುಂದೆ ಸರಿಸಿ, ಒಲೆಗೆ ಇನ್ನೊಂದು ಕುಳ್ಳು ಹಾಕಿದರು.

ಬೀದರದಿಂದ ಮಾತ್ರ ಸುದ್ದಿ ಇಲ್ಲ. ಮೆಹಬೂಬ ಊರು ಬಿಟ್ಟ ಅಂದರು ಕೆಲವರು, ಇನ್ನೂ ಕೆಟ್ಟದ್ದು ಅಂದರು ಕೆಲವರು. ಸವಾಲು ಹಾಕಿದವನು ಬಾರದಿದ್ದರೆ ಕಡಗ ಇದ್ದಲ್ಲೇ ಇರಬೇಕು ಅನ್ನುವುದು ಕಟ್ಟಳೆ. ಅವನು ಬದುಕಿರಬೇಕು, ಬರಬೇಕು, ಗೆಲ್ಲಬೇಕು. ಆಗ ನನಗೆ ಮನೆ. ಖಾನಾಪುರದ ಮೈಲಾರಲಿಂಗ ಇಬ್ಬರು ಹೆಂಡಿರ ದೇವರು, ಹೆಣ್ಣಿನ ಕಷ್ಟ ಅವನಿಗೆ ತಿಳಿಯದೆ ಇರಲಿಕ್ಕಿಲ್ಲ ಅಂತ ದೇವರ ಜಗಲಿಯ ಮುಂದೆ ಕೂತು ಹರಕೆ ಹೊತ್ತು ಭಂಡಾರದ ಅರಿಶಿನ ಗಂಟು ಕಟ್ಟಿದೆ. ಅತ್ತೆ ಹಿಂದೆ ನಿಂತಿದ್ದರು.

‘ಯಾರ ಹೆಸರಿಂದ ಕಟ್ಟಿದಿ?’

‘ಬೀದರದ ಮೆಹಬೂಬ ಪೈಲವಾನನ ಹೆಸರಿಂದ್ರಿ ಅತ್ತಿ.’

ಬೈಗುಳಕ್ಕೆ ಕಾದು ಕೂತೆ.

‘ಮೈಲಾರಲಿಂಗಗ ಉರ್ದು ಬರ್ತದೇನು?’ ಅಂದರು. ಮತ್ತೆ ತಾವೇ, ‘ಬರ್ತದ ಬಿಡು. ನಿಜಾಮರ ರಾಜ್ಯದಾಗ ಇಷ್ಟ ವರ್ಷ ಇದ್ದಾನ, ಬರಲಾರದೇನು’ ಅಂದರು. ಎರಡು ದಿನ ಬಿಟ್ಟು ನೋಡಿದರೆ ನನ್ನ ಗಂಟಿನ ಪಕ್ಕ ಇನ್ನೊಂದು ಗಂಟು ಇತ್ತು.

ನಾನು ದೊಡ್ಡ ಮನಸ್ಸಿನವಳು ಅಂತ ತಿಳಿಯಬೇಡಿರಿ. ನನ್ನದು ಸ್ವಾರ್ಥದ ಬೇಡಿಕೆಯೇ. ಆದರೆ ದಿನಾ ಒಬ್ಬ ಮನುಷ್ಯನ ಹೆಸರು ಹಿಡಿದು ಅವನು ಉಂಡಿರಲಿ, ನಿದ್ದೆ ಮಾಡಿರಲಿ, ಅವನ ಬಾಗಿಲು ಯಾರೂ ಬಡಿಯದಿರಲಿ ಅಂತ ಕೇಳಿಕೊಂಡರೆ, ಸ್ವಲ್ಪ ದಿನದಲ್ಲಿ ಅವನು ಸಂಬಂಧಿಕನಾಗಿಬಿಡುತ್ತಾನೆ. ಮುಖ ಕಾಣದ ಗಂಡ ಒಬ್ಬ, ಮುಖ ಕಾಣದ ಮೆಹಬೂಬ ಒಬ್ಬ. ಆ ವರ್ಷ ನಾನು ಇಬ್ಬರ ಸಲುವಾಗಿ ನಿಟ್ಟುಸಿರು ಬಿಟ್ಟೆ.

ಪಂಚಮಿ ಬಂತು. ಗುಮ್ಮಟಗಳ ಮುಂದೆ ಮತ್ತೆ ಮಣ್ಣು ಹದ ಮಾಡಿದರು. ನಮ್ಮವರು ಗಾಡಿ ಹೂಡಿಸಿಕೊಂಡು ಹೋದರು. ನಾನು ಆ ಸಲ ತವರಿಗೆ ಹೋಗಲಿಲ್ಲ, ಅಟ್ಟದ ಮೇಲಿನ ಪಾತ್ರೆ ಇಳಿಸಿ ತೊಳೆಯುತ್ತ ಕೂತೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಕುಸ್ತಿಯ ಮರುದಿನ ಹೊತ್ತು ಏರುವ ವೇಳೆಗೆ ಗಾಡಿಯ ಗೆಜ್ಜೆ ಕೇಳಿತು. ಅದು ತಾಲೀಮಿನ ಕಡೆ ತಿರುಗದೆ ನಮ್ಮ ಓಣಿಗೆ ತಿರುಗಿತು.

ನಮ್ಮವರು ಒಳಗೆ ಬಂದರು. ಬಲಗೈ ಬರಿದು. ಕಡಗ ಇದ್ದಲ್ಲಿ ಚರ್ಮ ಬೆಳ್ಳಗೆ ಕಾಣುತ್ತಿತ್ತು.

‘ಬಂದಿದ್ದನೇನು?’ ಅಂದರು ಅತ್ತೆ.

‘ಬಂದಿದ್ದ. ಬಾಳ ಸೊರಗ್ಯಾನ ಅವ್ವಾ. ಹಾಲು ಕಂಡು ಎಷ್ಟ ದಿನ ಆಗ್ಯಾದೋ. ಆದ್ರ ಹಿಡದದ್ದು ಬಿಡಲಿಲ್ಲ.’

ಅತ್ತೆ ಬಿಸಿನೀರಿನ ಹಂಡೆ ತೋರಿಸಿ ನನ್ನ ಕೈಗೆ ತಂಬಿಗೆ ಕೊಟ್ಟರು. ‘ಬೆನ್ನಿನ ಮಣ್ಣು ನೀನೇ ತೊಳಿ’ ಅಂದು ಎಮ್ಮೆಗೆ ನೀರು ಕುಡಿಸುವ ನೆವದಲ್ಲಿ ಹಿತ್ತಲಿಗೆ ಹೋದರು, ಅದರ ಹೊತ್ತೇ ಅಲ್ಲ ಅದು. ಕೆಮ್ಮಣ್ಣು ಒಣಗಿ ಇವರ ಬೆನ್ನಿನ ತುಂಬ ಸೀಳು ಬಿಟ್ಟಿತ್ತು, ಬೇಸಿಗೆಯ ಹೊಲದ ಹಾಗೆ. ಊರವರಿಗೆ ಅದು ಅವಮಾನ. ನಾನು ನೀರು ಹಾಕಿದೆ. ಮಣ್ಣು ಕರಗಿ ಕೆಂಪಗೆ ಹರಿದು ಬಚ್ಚಲಿನ ಕಲ್ಲಿನ ಮೇಲೆ ಹೋಯಿತು. ಅಂಗೈ ಇಟ್ಟು ಉಜ್ಜಿದೆ. ಗಂಡನ ಬೆನ್ನು ಅಷ್ಟು ಅಗಲ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಎಷ್ಟು ನೀರು ಹಾಕಿದರೂ ಅದು ಮುಗಿಯದಿದ್ದರೆ ಒಳ್ಳೆಯದು ಅನ್ನಿಸಿತು.

ಬೇಕಂತ ಸೋತರೇನು ಅಂತ ಬಹಳ ವರ್ಷದ ಮೇಲೆ ಒಮ್ಮೆ ಕೇಳಿದೆ. ‘ಪೈಲವಾನ ಬೇಕಂತ ಸೋಲಾಂಗಿಲ್ಲ’ ಅಂದರು. ಎಲೆಗೆ ಸುಣ್ಣ ಹಚ್ಚಿ ಮಡಿಸಿದ ಮೇಲೆ, ‘ಆದ್ರ ಗೆಲ್ಲಬೇಕನ್ನೂದು ಒಂದ ದಿವಸ ತಾನೇ ಮುಗದು ಹೋಗ್ತದ’ ಅಂದರು.

ನನಗೆ ಮೊದಲ ಮಗು ಆದಾಗ ಬೀದರದಿಂದ ಮೆಹಬೂಬನ ಹೆಂಡತಿ ಜೈನಾಬಿ ಬಂದಳು. ಅದೂ ಹೆಣ್ಣುಮಕ್ಕಳ ಕಟ್ಟಳೆಯೇ. ಕಡಗ ಬಿಟ್ಟ ಮನೆಯಲ್ಲಿ ಕೂಸು ಹುಟ್ಟಿದರೆ ಕಡಗ ಹಿಡಿದ ಮನೆಯಾಕೆ ಅದಕ್ಕೆ ಕುಂಚಿಗೆ ಹೊಲಿದು ತರಬೇಕು. ತಲೆಗೆ ಹಾಕಿದರೆ ಬೆನ್ನಿನ ತನಕ ಇಳಿಯುವ ಹಸಿರು ಕುಂಚಿಗೆ ತಂದಿದ್ದಳು. ಕೂಸಿಗೆ ತೊಡಿಸಿ ತೊಡೆಯ ಮೇಲೆ ಹಾಕಿಕೊಂಡಳು. ಆಕೆಯ ಗಂಡ ಈಗ ತಾಲೀಮಿನಲ್ಲಿ ಮಲಗುತ್ತಾನಲ್ಲ ಅಂತ ನನಗೆ ಮುಖ ಎತ್ತಿ ನೋಡಲು ಸಂಕೋಚ. ನನ್ನ ಮನೆ ತುಂಬಿದ್ದು ಆಕೆಯದನ್ನು ಬರಿದು ಮಾಡಿ ಅಂತ ಅನ್ನಿಸಿತು. ನಿಮಗೆ ಬೇಸರ ಆಗುವುದಿಲ್ಲವೇನು ಅಂದೆ.

‘ಬೇಸರಾ?’ ಅಂದಳು ಆಕೆ. ‘ತಂಗೀ, ಆ ವರ್ಷ ನಾ ಮಾಡಿದ ದುವಾ ಒಂದೇ. ಇವರು ಗೆಲ್ಲಬೇಕು, ಕಡಗಾ ತೊಟ್ಟು ತಾಲೀಮಿನ್ಯಾಗ ಮಲಗಬೇಕು. ಅಲ್ಲಿ ಸುತ್ತಾ ಹುಡುಗೂರು ಇರ್ತಾರ, ಎಲ್ಲಾ ಜಾತಿಯವರು. ಮನ್ಯಾಗ ಮಲಗಿದ್ರ ಬಾಗಲಾ ಸಪ್ಪಳ ಆದಾಗೊಮ್ಮೆ ನನ್ನ ಜೀವ ಹೋಗಿ ಬರ್ತಿತ್ತು. ದೂರ ಇದ್ರ ಏನಾತು, ಇದ್ದಾರಲ್ಲ.’

ಕೂಸು ಕುಂಚಿಗೆಯ ಅಂಚನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು.

ಕುಸ್ತಿ ಅಂದರೆ ದೇವರಿಗೆ ಕಷ್ಟದ ಕೆಲಸ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಎರಡು ಮನೆಯಿಂದ ಬೇಡಿಕೆಗಳು ಹೋಗುತ್ತವೆ, ಒಂದನ್ನು ನಡೆಸಿದರೆ ಇನ್ನೊಂದು ಬೀಳಲೇಬೇಕು, ಒಬ್ಬಾಕೆ ಬೈಯಲೇಬೇಕು. ಆ ಪಂಚಮಿಗೆ ಮಾತ್ರ ಇಬ್ಬರು ಹೆಂಡಂದಿರು, ಒಬ್ಬಾಕೆ ಭಂಡಾರ ಹಿಡಿದು, ಒಬ್ಬಾಕೆ ಸೆರಗು ಒಡ್ಡಿ, ಒಬ್ಬನೇ ಗೆಲ್ಲಲಿ ಅಂತ ಕೇಳಿದ್ದೆವು. ದೇವರಿಗೆ ಮಾಡುವ ಕೆಲಸವೇ ಉಳಿದಿರಲಿಕ್ಕಿಲ್ಲ. ಅಷ್ಟೂರಿನ ಯಾವುದೋ ಗುಮ್ಮಟದ ನೆರಳಿನಲ್ಲಿ ಕೂತು, ಅದೊಂದು ದಿನವಾದರೂ ನಿಶ್ಚಿಂತೆಯಾಗಿ ಕುಸ್ತಿ ನೋಡಿರಬೇಕು.