ಎಲೆ ಅಡಿಕೆ ಹಿಡಿದು ಮಾರಿದ ಗಿರಣಿ

ಮೊನ್ನೆ ಗಿರಣಿಯಿಂದ ಜೋಳದ ಹಿಟ್ಟು ತಂದು ಡಬ್ಬಿಗೆ ಸುರಿಯುವಾಗ ಆ ಬಿಸಿ ವಾಸನೆ ಮೂಗಿಗೆ ಬಡಿಯಿತು. ಬೆಟಗೇರಿಯ ಇದೇ ಓಣಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು…

ಎಪ್ಪತ್ತರ ದಶಕದ ಕೊನೆಯ ಮಾತು. ಕಾಕಾ ನೇಕಾರರು. ಮಗ್ಗದ ಕುಣಿಯಲ್ಲಿ ಕೂತು ಕೂತು ಮೊಣಕಾಲು ಹೋದ ಮೇಲೆ ಮಗ್ಗ ಮಾರಿ, ಹೆಂಡತಿ ಕಾಕುವಿನ ಬಂಗಾರವನ್ನೂ ಮಾರಿ, ಓಣಿಯ ಹಿಟ್ಟಿನ ಗಿರಣಿ ಕೊಂಡರು. ಮಾರಿದವನು ತಾನು ಹುಬ್ಬಳ್ಳಿಯ ಮಗಳ ಮನೆಗೆ ಹೋಗಿಬಿಡುತ್ತೇನೆ, ಇಲ್ಲಿ ಮತ್ತೆ ಗಿರಣಿ ಹಾಕುವುದಿಲ್ಲ, ಗಿರಾಕಿಗಳೆಲ್ಲ ನಿಮ್ಮವರೇ ಎಂದ. ಐದು ಮಂದಿ ಹಿರಿಯರ ಎದುರು ಎಲೆ ಅಡಿಕೆ ಹಿಡಿದು ಹೇಳಿದ. ಗಿರಣಿಗೆ ಕಾಗದವಾಯಿತು. ಈ ಮಾತನ್ನೂ ಅದರಲ್ಲಿ ಬರೆಸಿರೆಂದು ಅಪ್ಪ ಹೇಳಿದರೆ ಕಾಕಾಗೆ ಸಿಟ್ಟು ಬಂತು.

“ಎಲಿ ಅಡಿಕಿ ಹಿಡದಾವಗ ಕಾಗದ ಕೇಳಿದ್ರ ಮಂದಿ ನನಗ ಮನಷ್ಯಾ ಅಂತಾರೇನು?”

ಮಳೆಗಾಲ ಮುಗಿಯುವಷ್ಟರಲ್ಲಿ ಆ ಮಹಾನುಭಾವ ಓಣಿಯ ತುದಿಯಲ್ಲೇ ಹೊಸ ಗಿರಣಿ ಹಾಕಿದ. ಹಳೆಯದನ್ನು ಮಾರುವ ಮೊದಲೇ ಆ ಜಾಗ ಹಿಡಿದಿಟ್ಟಿದ್ದನಂತೆ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಅಪ್ಪ ಕಾಕಾರನ್ನು ಗದಗಿನ ವಕೀಲರ ಹತ್ತಿರ ಕರೆದೊಯ್ದರು. ಹಾದಿ ಇದೆ ಎಂದರಂತೆ ವಕೀಲರು. ಗೊತ್ತಿದ್ದೂ ಸುಳ್ಳು ಹೇಳಿ ಮಾರಿದ್ದರೆ ವ್ಯವಹಾರ ರದ್ದು ಮಾಡಿಸಬಹುದು, ಇಲ್ಲವೇ ನಷ್ಟ ತುಂಬಿಸಿಕೊಳ್ಳಬಹುದು, ಹೊಸ ಗಿರಣಿಗೆ ತಡೆಯನ್ನೂ ಕೇಳಬಹುದು. ಆದರೆ ಆ ಮಾತು ಕಾಗದದಲ್ಲಿ ಇಲ್ಲವಲ್ಲ, ಕೇಳಿಸಿಕೊಂಡವರು ಬಂದು ಸಾಕ್ಷಿ ಹೇಳಬೇಕು.

ಕಾಕಾ ಕುಂಟುತ್ತ ಐವರ ಬಾಗಿಲಿಗೂ ಹೋದರು. ಒಬ್ಬನಿಗೆ ನೆನಪೇ ಇಲ್ಲ. ಇನ್ನೊಬ್ಬ ಮನೆಯಲ್ಲಿದ್ದೂ ಇಲ್ಲವೆನ್ನಿಸಿದ. ಮತ್ತಿಬ್ಬರು ಬರುವುದಿಲ್ಲವೆಂದರು. ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ನ್ಯಾಯ ಹೇಳುತ್ತಿದ್ದ ಹಿರಿಯ, “ನಮ್ಮನ್ಯಾಕ ಕೋರ್ಟಿಗೆ ಎಳಿತೀರಿ? ನಾವು ಚಾ ಕುಡಿಯಾಕ ಬಂದಿದ್ವಿ” ಎಂದ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಅವನ ಮನೆಯ ಜೋಳ ಆಗಲೇ ಹೊಸ ಗಿರಣಿಗೆ ಹೋಗುತ್ತಿತ್ತು.

ದಾವೆ ಹೂಡಲೇ ಇಲ್ಲ. ಗಿರಾಕಿಗಳಿಲ್ಲದೆ ಕಾಕಾ ಗಿರಣಿ ಮುಚ್ಚಿ, ಅದೇ ಮೊಣಕಾಲಲ್ಲಿ ಬೇರೆಯವರ ಮಗ್ಗಕ್ಕೆ ಕೂಲಿಗೆ ಇಳಿದರು. ಮಾತು ಕಡಿಮೆಯಾಯಿತು… ಕೆಲವು ವರ್ಷಗಳಲ್ಲಿ ತೀರಿಕೊಂಡರು.

ಮಣ್ಣಿಗೆ ಐವರೂ ಬಂದಿದ್ದರು. ಭಾಳ ಖರೇ ಮನುಷ್ಯ, ಸುಳ್ಳು ಗೊತ್ತಿರಲಿಲ್ಲ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಹೆಣದ ಹತ್ತಿರ ಕೂತಿದ್ದ ಕಾಕು ತಲೆ ಎತ್ತಿದರು.

“ಈ ಸಾಕ್ಷಿ ಅವತ್ತ ಹೇಳಬೇಕಿತ್ರಿ.”



ತುದಿಯ ಗಿರಣಿ ಇಂದಿಗೂ ಭರ್ಜರಿಯಾಗಿ ನಡೆಯುತ್ತಿದೆ. ಅಷ್ಟು ಸಮೀಪದ್ದನ್ನು ಬಿಟ್ಟು ಜೋಳ ಹೊತ್ತು ದೂರ ಏಕೆ ಹೋಗುತ್ತೀರೆಂದು ಸೊಸೆ ಕೇಳುತ್ತಾಳೆ. ಹಾಗೆ ದೂರ ಹೋಗುವುದರಿಂದ ಆ ಗಿರಣಿಗೇನೂ ನಷ್ಟವಿಲ್ಲ, ನನಗೂ ಗೊತ್ತು. ನೋಡಿ ಸಮಾಧಾನಪಡಲು ಕಾಕಾ ಕೂಡ ಇಲ್ಲ. ಆದರೂ ಆ ಬಾಗಿಲಿಗೆ ನಾನು ಹೋಗುವುದಿಲ್ಲ.