ಮೊದಲ ತುತ್ತು ಜುಂಜಮ್ಮನದು

ಹೊಳವನಹಳ್ಳಿಯಿಂದ ಬರುವ ಮೊದಲ ಬಸ್ಸಿನ ಸದ್ದು ಕೇಳುವ ಮುಂಚೆಯೇ ಆ ಪುಟ್ಟ ಊರಿನ ಶಾಲೆಯ ಹಿಂದೆ ಒಲೆ ಹತ್ತಿಕೊಂಡಿರುತ್ತದೆ. ಜುಂಜಮ್ಮ ಮೊಣಕೈವರೆಗೆ ಬೂದಿ ಹಾಕಿ ಉಜ್ಜಿ ಕೈ ತೊಳೆಯುತ್ತಾರೆ. ಸೀಮೆಎಣ್ಣೆ ಬುಡ್ಡಿ ಎತ್ತಿ ತೊಲೆ, ಹೆಂಚಿನ ಸಂದು, ಹಿತ್ತಾಳೆ ಹಂಡೆಯ ಒಳಗು, ಎಲ್ಲೂ ಹಲ್ಲಿ ಹುಳು ಇಲ್ಲವೆಂದು ನೋಡುತ್ತಾರೆ. ನೋಡಿದ್ದನ್ನೇ ಮತ್ತೊಮ್ಮೆ ನೋಡುತ್ತಾರೆ. ಆಮೇಲೆ ಉಪ್ಪಿಟ್ಟಿನ ಹಳದಿ ರವೆಯ ಮೂಟೆಯೊಳಕ್ಕೆ ಕೈ ಇಳಿಸಿ ಸುಮ್ಮನೆ ನಿಲ್ಲುತ್ತಾರೆ. ಹುಳು ಬಿದ್ದ ಮೂಟೆ ಒಳಗೆ ಬೆಚ್ಚಗಿರುತ್ತದಂತೆ. "ಮಲಗಿರೋ ಮನ್ಸನ ಮೈ ಮುಟ್ದಂಗಾಯ್ತದೆ ಸ್ವಾಮಿ," ಎನ್ನುತ್ತಾರೆ, ಪಕ್ಕದಲ್ಲಿ ನಿಂತ ನನಗೆ.

ಜುಂಜಮ್ಮ ಕುರಿ ಸಾಕುವವರ ಮನೆಯ ಮಗಳು. ಗಂಡ ತೀರಿಕೊಂಡ ಮೇಲೆ ಶಾಲೆಯ ಉಪ್ಪಿಟ್ಟು ಬೇಯಿಸಲು ಸೇರಿದವರು. ನೂರಕ್ಕೂ ಮೇಲೆ ಮಕ್ಕಳು, ಅರ್ಧದಷ್ಟು ಮಂದಿ ಬರಿಹೊಟ್ಟೆಯಲ್ಲಿ ಬರುವವರು. ಎಂಬತ್ತೊಂದರ ಮಳೆಗಾಲದಲ್ಲಿ, ದೂರದ ಯಾವುದೋ ಊರಲ್ಲಿ ಶಾಲೆಯ ಊಟ ಉಂಡು ಮಗುವೊಂದು ಸತ್ತಿತೆಂಬ ಸುದ್ದಿ ಬಂತು. ಯಾವ ಊರು, ಯಾರ ಮಗು, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮರುದಿನ ತಾಯಂದಿರು ಬಾಗಿಲಿಗೆ ಅಡ್ಡ ನಿಂತರು. ಶಾಲೆಯ ಪಕ್ಕದ ಮನೆಯ ಪುಟ್ಟಕ್ಕ ಬಾಯಿ ಬಿಟ್ಟೇ ಹೇಳಿದರು: "ಲೇ ಜುಂಜಿ, ಮೊದ್ಲು ನೀನು ತಿನ್ನು. ನೀನು ನೆಟ್ಟಗಿದ್ರೆ ನಮ್ಮ ಮಕ್ಳು ತಿಂತವೆ."

ಅವತ್ತು ಜುಂಜಮ್ಮ ತಿಂದರು. ಈಗ ಯಾರೂ ಕೇಳದಿದ್ದರೂ ದಿನಾ ತಿನ್ನುತ್ತಾರೆ. ಜಗಲಿಯ ಮೇಲೆ ಕೂತು ಒಂದು ತಟ್ಟೆ ಮುಗಿಸಿ, ಬೇವಿನ ನೆರಳು ಮೆಟ್ಟಿಲಿನಿಂದ ಇಳಿಯುವವರೆಗೆ ಕದಲುವುದಿಲ್ಲ. ಎದುರಿಗೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತು ಅವರ ಮುಖವನ್ನೇ ನೋಡುತ್ತಿರುತ್ತವೆ. ಜುಂಜಮ್ಮ ಕೆಮ್ಮಿದರೆ ಸಾಲು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ನೆರಳು ಇಳಿದಾಗ ಯಾವನೋ ಒಬ್ಬ ಹೇಳುತ್ತಾನೆ, "ಅಜ್ಜಿ ಇನ್ನೂ ಐತೆ ಕಣ್ಲಾ, ತಟ್ಟೆ ಹಿಡಿ."

"ಆ ಹೊತ್ನಾಗೆ ದಿನಾ ಸಾಯ್ತೀನಿ," ಎನ್ನುತ್ತಾರೆ ಜುಂಜಮ್ಮ. "ಗಂಟ್ಲು ಹಿಡ್ದಂಗಾಯ್ತದೆ, ಹೊಟ್ಟೆ ತಿರುವ್ದಂಗಾಯ್ತದೆ. ಯಾವ್ದು ದಿಗಿಲು, ಯಾವ್ದು ಇಸ ಅಂತ ಹೆಂಗೆ ಹೇಳ್ಲಿ?"

ಈ ಗುರುವಾರ ಆ ಪ್ರಶ್ನೆ ಎದುರಿಗೇ ಬಂದು ಕೂರುತ್ತದೆ. ಸಪ್ಪೆ ಉಪ್ಪಿಟ್ಟಿಗೆ ಬೇಸತ್ತ ಮಕ್ಕಳಿಗೆಂದು ಅವರು ಹುಣಸೆಹುಳಿ ಹಿಂಡಿದ್ದಾರೆ. ಹಂಡೆಗೆ ಕಲಾಯಿ ಹಾಕುವ ಸಿರಾದ ಸಾಬರು ಈ ಸಲ ಬಂದಿಲ್ಲ. ತಳದ ತವರ ಸವೆದಿದೆ. ಬರಿ ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಬಿಟ್ಟು ಊಟ ವಿಷವಾಗುತ್ತದೆ. ಇದೆಲ್ಲ ಜುಂಜಮ್ಮನಿಗೆ ನೆನಪಾಗುವುದು ಮೊದಲ ತುತ್ತು ಬಾಯಲ್ಲಿದ್ದಾಗ. ನಾಲಿಗೆಯ ಮೇಲೆ ತಾಮ್ರದ ಕಾಸು ಇಟ್ಟಂಥ ರುಚಿ. ಅಥವಾ ಹಾಗೆ ಅನಿಸುತ್ತದೆ.

ಮುಖ್ಯೋಪಾಧ್ಯಾಯ ಗಂಗಯ್ಯ ಮೇಷ್ಟ್ರು ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ. "ಚೆನ್ನಾಗೇ ಇದೆಯಲ್ಲ ಜುಂಜಮ್ಮ. ಹುಳಿ, ಅಷ್ಟೆ. ಮಕ್ಕಳ ಮುಖ ನೋಡಿ."

ಜುಂಜಮ್ಮ ನೋಡುತ್ತಾರೆ. ನೆರಳು ಮೆಟ್ಟಿಲು ದಾಟಿದೆ. ಮುಂದೆ ನಿಂತ ಹುಡುಗಿ ತಟ್ಟೆ ಚಾಚುತ್ತಾಳೆ, ಕಣ್ಣು ಮಿಟುಕಿಸದೆ.

ಜುಂಜಮ್ಮ ಸೆರಗಿನಲ್ಲಿ ಹಂಡೆಯ ಬಳೆ ಹಿಡಿದು ದರದರ ಎಳೆದೊಯ್ದು ಬೇಲಿ ಪಕ್ಕದ ಗುಂಡಿಗೆ ಸುರಿಯುತ್ತಾರೆ. ಕಾಗೆಗಳು ಇಳಿಯುತ್ತವೆ, ಗುಂಡಿಯ ಅಂಚಿನಲ್ಲಿ ಕತ್ತು ಓರೆಮಾಡಿ ಕೂರುತ್ತವೆ, ಮುಟ್ಟದೆ ಹಾರಿಹೋಗುತ್ತವೆ. ಬಿಸಿಯಿದ್ದುದಕ್ಕಿರಬಹುದು. ಅವರು ಮಣ್ಣು ಮುಚ್ಚುತ್ತಾರೆ.

ಮೇಷ್ಟ್ರು ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ಬೇಲಿಯಾಚೆಯಿಂದ ಪುಟ್ಟಕ್ಕನ ದನಿ: "ನೂರು ಮಕ್ಳ ಹೊಟ್ಟೆಗೆ ಮಣ್ಣು ಹಾಕ್ಬುಟ್ಯಲ್ಲೇ."

ಚೆಲ್ಲಿದ್ದು ಕೆಟ್ಟಿತ್ತೋ ಇಲ್ಲವೋ ಯಾರಿಗೂ ತಿಳಿಯದು. ಸಂಜೆಯವರೆಗೆ ಜುಂಜಮ್ಮ ಹೊಟ್ಟೆ ಹಿಡಿದು ಜಗಲಿಯ ಮೇಲೆ ಕೂತಿರುತ್ತಾರೆ, ಬರಬೇಕಾದ್ದು ಬರಲೆಂದು ಕಾಯುತ್ತ. ಏನೂ ಬರುವುದಿಲ್ಲ. ತಪ್ಪು ಮಾಡಿದೆ ಅನಿಸುತ್ತದೆಯೇ ಎಂದು ನಾನು ಕೇಳಿದರೆ ಎದ್ದು ಖಾಲಿ ಹಂಡೆಯನ್ನು ಬೋರಲು ಹಾಕುತ್ತಾರೆ.

"ಹಸ್ಕೊಂಡೇ ಹೋದ್ವು, ಪಾಪ. ಆದ್ರೆ ಹಸ್ಕೊಂಡು ಹೋದೋವು ನಾಳಿಕೆ ಬತ್ತವೆ ಸ್ವಾಮಿ."